ಕಿರುಬೆರಳಿನ ಬೆಲೆ

ನಲವತ್ತು ಸಾವಿರ ರೂಪಾಯಿ ಕೊಟ್ಟು ಕೊಂಡ ಪಿಯಾನೊ ನಮ್ಮ ಮನೆಯಲ್ಲೇ ಉಳಿಯುತ್ತದೋ, ಪುಕ್ಕಟೆಯಾಗಿ ನನ್ನ ಬಾಮೈದನ ಮನೆಗೆ ಹೋಗುತ್ತದೋ ಎನ್ನುವುದೇ ಇಲ್ಲಿನ ವ್ಯವಹಾರ. ಯಶವಂತಪುರದ ಯಾರ್ಡಿನಲ್ಲಿ ಬೆಳ್ಳುಳ್ಳಿ ಮಂಡಿ ಇಟ್ಟುಕೊಂಡೇ ತಲೆ ನರೆಸಿಕೊಂಡವನು ನಾನು. ಎದೆ ಧಸಕ್ಕೆನ್ನುವ ಸಂಗತಿಗಳು ಮಾರುಕಟ್ಟೆಯಲ್ಲಿ ಮಾತ್ರ ನಡೆಯುತ್ತವೆ ಅಂದುಕೊಂಡಿದ್ದೆ. ಪಿಯಾನೊ ಬಂದ ಮೇಲೆ ಅವು ನಮ್ಮ ಮನೆಯ ವಿಳಾಸವನ್ನೂ ಕಲಿತುಕೊಂಡವು.

ಅದನ್ನು ತಂದದ್ದು ಮೊಮ್ಮಗಳಿಗೆ. ಅವಳು ತಿಂಗಳು ತುಂಬುವುದರೊಳಗೆ "ತಾತ, ಬೆರಳು ನೋಯುತ್ತೆ" ಎಂದು ಕೈ ಕೊಡವಿಕೊಂಡು ಈಜು ಕಲಿಯಲು ಹೋದಳು. ಕೊಂಡ ಮಾಲು ಸುಮ್ಮನೆ ಬಿದ್ದಿರಬಾರದು ಎಂಬುದು ನನ್ನ ನಿಯಮ. "ನಾನೇ ಕಲೀತೀನಿ" ಅಂದುಬಿಟ್ಟೆ.

ಹೆಂಡತಿ ಹುರುಳಿಕಾಯಿ ಮುರಿಯುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು: "ಆಯುಧಪೂಜೆ ಹೊತ್ತಿಗೆ ಒಂದು ಹಾಡು, ಎರಡೂ ಕೈಲಿ, ಮಧ್ಯದಲ್ಲೆಲ್ಲೂ 'ಅಯ್ಯೋ' ಅನ್ನದೆ ನುಡಿಸಿ. ಪಿಯಾನೊ ಇಲ್ಲೇ ಇರ್ಲಿ. ಆಗ್ಲಿಲ್ವಾ, ನನ್ನ ತಮ್ಮನ ಮನೆಗೆ ಕಳಿಸ್ತೀನಿ. ಅವನ ಮಗಳಾದ್ರೂ ನುಡಿಸ್ತಾಳೆ."

"ಎಷ್ಟಕ್ಕೆ?"

"ತಮ್ಮನ ಹತ್ರ ದುಡ್ಡು ತಗೋತೀರೇನ್ರೀ?"

ಮಾರನೆಯ ದಿನವೇ ಬಾಮೈದ ಬಾಗಲಗುಂಟೆಯಿಂದ ಬಂದು, ಟೇಪು ಹಿಡಿದು ಪಿಯಾನೊದ ಉದ್ದಗಲ ಅಳೆದುಕೊಂಡು, ಕಾಫಿಯನ್ನೂ ಕುಡಿದು ಹೋದ.

ಉಗುರು

ಪಾಠಕ್ಕೆ ಸೇರಿದ್ದು ಆರ್.ಟಿ. ನಗರದ ಒಂದು ಮಹಡಿ ಮನೆಯಲ್ಲಿ. ಟೀಚರಮ್ಮ ನನ್ನ ಮಗಳಿಗಿಂತ ಚಿಕ್ಕವಳು. ನನ್ನ ಕೈ ನೋಡಿದವಳೇ ಹಾವು ಕಂಡಂತೆ ಹಿಂದೆ ಸರಿದಳು.

"ಅಂಕಲ್, ಏನಿದು?"

"ಉಗುರು."

"ಇದನ್ನ ಇಟ್ಕೊಂಡ್ರೆ ಬೆರಳು ಬಾಗಲ್ಲ. ಬಾಗದಿದ್ರೆ ನೋವು ಗ್ಯಾರಂಟಿ. ಕತ್ತರಿಸ್ಬೇಕು."

ನನ್ನ ಬಲಗೈ ಹೆಬ್ಬೆರಳಿನ ಉಗುರು ಅಂತಿಂಥದ್ದಲ್ಲ. ಬೆಳ್ಳುಳ್ಳಿ ಎಸಳಿಗೆ ಒತ್ತಿದರೆ ಸಾಕು, ಮಾಲು ಹಸಿಯೋ, ಒಣಗಿದೆಯೋ, ಒಳಗೆ ಟೊಳ್ಳೋ ತಿಳಿಯುತ್ತದೆ. "ಮೇಡಂ, ಇದು ನನ್ನ ತಕ್ಕಡಿ" ಎಂದು ಬೇಡಿಕೊಂಡೆ. ಟಕ್ ಅಂತ ಸದ್ದಾಯಿತು. ಅಷ್ಟು ವರ್ಷದ ತಕ್ಕಡಿ ಕಸದ ಬುಟ್ಟಿಗೆ ಬಿತ್ತು.

ಮಾರನೆಯ ಬೆಳಿಗ್ಗೆ ಯಾರ್ಡಿನಲ್ಲಿ ಹೊಸ ಮಾಲು ಇಳಿಯಿತು. ಒತ್ತಿ ನೋಡಲು ಉಗುರಿಲ್ಲ. ಬೇರೆ ದಾರಿ ಕಾಣದೆ ಪ್ರತಿ ಮೂಟೆಯಿಂದಲೂ ಒಂದೊಂದು ಎಸಳು ಕಚ್ಚಿ ನೋಡುತ್ತಾ ಹೋದೆ. ಕಣ್ಣಲ್ಲಿ ನೀರು, ಬಾಯಲ್ಲಿ ಬೆಂಕಿ. ಮಾಲು ತಂದವನು ಸ್ವಲ್ಪ ಹೊತ್ತು ನೋಡಿ ಕನಿಕರದಿಂದ ಕೇಳಿದ:

"ಸಾಹುಕಾರ್ರೇ, ಮನೇಲಿ ತಿಂಡಿ ಹಾಕ್ಲಿಲ್ವಾ?"

ಐದು

ಈಗ ಯಾರ್ಡಿನಲ್ಲಿ ದರವೆಲ್ಲ ಮೊಬೈಲಿನಲ್ಲೇ ಓಡಾಡುತ್ತದೆ. ಆದರೂ ನಮ್ಮಂಥ ಕೆಲವು ಹಳಬರು ನಮ್ಮ ನಮ್ಮಲ್ಲಿ ಇನ್ನೂ ಟವೆಲ್ ವ್ಯಾಪಾರ ಬಿಟ್ಟಿಲ್ಲ. ಇಬ್ಬರ ಕೈಗಳ ಮೇಲೂ ಟವೆಲ್ ಹೊದಿಸುವುದು, ಅದರ ಕೆಳಗೆ ಕೊಳ್ಳುವವನು ಮಾರುವವನ ಬೆರಳು ಹಿಡಿದು ದರ ಹೇಳುವುದು. ತೋರುಬೆರಳು ಹಿಡಿದರೆ ಒಂದು, ಪಕ್ಕದ್ದೂ ಸೇರಿದರೆ ಎರಡು, ಕಿರುಬೆರಳವರೆಗೆ ನಾಲ್ಕು, ಇಡೀ ಹಸ್ತ ಹಿಡಿದರೆ ಐದು. ದರದ ಬಗ್ಗೆ ಬಾಯಿ ಬಿಡುವಂತಿಲ್ಲ. ಮಾರುವವನು ಟವೆಲಿನಿಂದ ಕೈ ಹೊರಗೆಳೆದನೋ, ಕೊನೆಗೆ ಹಿಡಿದ ದರಕ್ಕೆ ವ್ಯಾಪಾರ ಮುಗಿಯಿತು. ಆಮೇಲೆ ಯಾರೂ ಮಾತು ತಿರುಗಿಸುವಂತಿಲ್ಲ.

ಪಿಯಾನೊದವರ ಎಣಿಕೆಯೇ ಬೇರೆ. ಅವರಲ್ಲಿ ಹೆಬ್ಬೆರಳು ಒಂದು, ಕಿರುಬೆರಳು ಐದು. ಇದು ನನಗೆ ಯಾರು ಹೇಳಬೇಕು? ಟೀಚರಮ್ಮ "ಐದು!" ಅಂದಳು. ನಾನು ನಮ್ಮ ಲೆಕ್ಕದ ಐದನ್ನು, ಅಂದರೆ ಇಡೀ ಹಸ್ತವನ್ನು, ಪಿಯಾನೊದ ಕೀಗಳ ಮೇಲೆ ಬಾರಿಸಿದೆ. ಕೆಳಮನೆಯ ನಾಯಿ ಬೊಗಳಿತು. ತನ್ನ ಪಾಠಕ್ಕೆ ಕಾಯುತ್ತಾ ಪಕ್ಕದಲ್ಲಿ ಕೂತಿದ್ದ ಪುಟ್ಟ ಹುಡುಗಿ ಕಿವಿ ಮುಚ್ಚಿಕೊಂಡಳು. ಟೀಚರಮ್ಮನ ಮುಖ ಮಾತ್ರ ಮಾಲು ಕೊಳೆತದ್ದು ಕಂಡ ವ್ಯಾಪಾರಿಯ ಮುಖದ ಹಾಗಾಗಿತ್ತು.

ಅಂದಿನಿಂದ ಕಿರುಬೆರಳಿಗೇ ಸಾಧನೆ. ಶಾಲೆಯಲ್ಲಿ ಒಂದಕ್ಕೆ ಹೋಗಲು ಮೇಷ್ಟರಿಗೆ ತೋರಿಸಿದ್ದು ಬಿಟ್ಟರೆ ನನ್ನ ಆ ಬೆರಳು ಹುಟ್ಟಿದಾಗಿನಿಂದ ಬೇರೆ ಕೆಲಸ ಮಾಡಿದ್ದೇ ಇಲ್ಲ. ವಾರದೊಳಗೆ ಊದಿಕೊಂಡು ಹಸಿ ಶುಂಠಿಯ ಹಾಗಾಯಿತು. ನೋವು ತಡೆಯಲಾರದೆ ಒಂದು ದಿನ ಪಾಠದ ಮಧ್ಯೆ ಆ ಬೆರಳನ್ನು ಮೇಲೆತ್ತಿ ಟೀಚರಮ್ಮನಿಗೆ ತೋರಿಸಿದೆ.

"ಹೋಗ್ಬನ್ನಿ ಅಂಕಲ್," ಅಂದಳು. "ಬಾತ್‌ರೂಮ್ ಎಡಗಡೆ."

ಡಾಕ್ಟರು

ಹೆಂಡತಿ ನಮ್ಮ ಮಂಡಿಯದೇ ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಸಿ ಸವರಿದಳು. ಬೆರಳು ಒಗ್ಗರಣೆಯ ವಾಸನೆ ಹೊಡೆಯಿತೇ ಹೊರತು ನೋವು ಇಳಿಯಲಿಲ್ಲ. ಕೊನೆಗೆ ಹೆಬ್ಬಾಳದ ಕಡೆ ಒಬ್ಬ ಮೂಳೆ ಡಾಕ್ಟರ ಬಳಿ ಹೋದೆ. ಅವರು ಬೆರಳನ್ನು ಅತ್ತಿತ್ತ ಬಗ್ಗಿಸಿದರು. ನಾನೂ ಕುರ್ಚಿಯಲ್ಲಿ ಅತ್ತಿತ್ತ ಬಗ್ಗಿದೆ.

"ಏನ್ ಕೆಲ್ಸ ನಿಮ್ಮದು?"

"ಯಾರ್ಡಲ್ಲಿ ವ್ಯಾಪಾರ, ಸಾರ್."

"ನೋವು ಹೇಗೆ ಬಂತು?"

"ಪಿಯಾನೊದಿಂದ, ಸಾರ್."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಗದರಿದರು:

"ಅಲ್ಲಾ ರೀ, ಯಾರ್ಡಲ್ಲಿ ಅಷ್ಟೊಂದು ಹಮಾಲಿಗಳಿರ್ತಾರೆ. ಈ ವಯಸ್ಸಲ್ಲಿ ಅದನ್ನ ನೀವೇ ಎತ್ತಕ್ಕೆ ಹೋಗಿದ್ದು ಯಾಕೆ?"

ಅಯ್ಯೋ

ಆಯುಧಪೂಜೆ ಬಂತು. ಮಂಡಿಯ ತಕ್ಕಡಿ, ಟೆಂಪೊ, ಮನೆಯ ಮಿಕ್ಸಿ, ಎಲ್ಲದರ ಜೊತೆಗೆ ಪಿಯಾನೊಗೂ ಹೆಂಡತಿ ಕುಂಕುಮ ಇಟ್ಟಳು. ಅಕ್ಕಪಕ್ಕದ ಮನೆಯವರು ಪ್ರಸಾದಕ್ಕೆ ಬಂದು ಹಾಲ್‌ನಲ್ಲಿ ಕೂತಿದ್ದರು. ಬಾಮೈದನೂ ಬಂದ. ಬರುವಾಗಲೇ ಗೂಡ್ಸ್ ಆಟೊ ಕರೆದುಕೊಂಡು ಬಂದಿದ್ದ!

"ಏನೋ ಇದು? ನಾನಿನ್ನೂ ನುಡಿಸೇ ಇಲ್ವಲ್ಲೋ!"

"ಹಬ್ಬದ ದಿನ ಆಮೇಲೆ ಗಾಡಿ ಸಿಗಲ್ಲ ಭಾವ."

ದೇವರಿಗೆ ಕೈ ಮುಗಿದು ಶುರು ಮಾಡಿದೆ. ಮಕ್ಕಳ ಪುಸ್ತಕದ ಮೊದಲ ಹಾಡು. ಮೊದಲ ಸಾಲು ದಾಟಿದೆ, ಎರಡು, ಮೂರೂ ದಾಟಿದೆ. ಹೆಂಡತಿಯ ಹುಬ್ಬು ಮೇಲೇರಿತು. ಕೊನೆಯ ಸಾಲಿನ ಕೊನೆಯ ಸ್ವರ ಕಿರುಬೆರಳಿನದು. ಒತ್ತಿದೆ.

"ಅಯ್ಯೋ!"

"ಮುಗೀತು," ಅಂದಳು ಹೆಂಡತಿ. "ಎತ್ತಿಸ್ಕೋಳೋ."

ಆಗ ಬಾಮೈದನಿಗೆ ಎಲ್ಲಿಂದಲೋ ಮರ್ಯಾದೆ ನೆನಪಾಯಿತು. ಅವನೂ ಯಾರ್ಡಿನಲ್ಲಿ ಒಣಮೆಣಸಿನಕಾಯಿ ವ್ಯಾಪಾರಿ. "ಪುಕ್ಕಟೆ ಬೇಡ ಅಕ್ಕ. ಇವತ್ತು ಪುಕ್ಕಟೆ ತಗೊಂಡ್ರೆ ಭಾವ ನಾನು ಸಾಯೋ ತನಕ ಅದನ್ನೇ ಎತ್ತಿ ಆಡ್ತಾರೆ. ಏನೋ ಒಂದು ಕೊಟ್ಟೇ ಒಯ್ತೀನಿ" ಎಂದು ಹೆಗಲ ಮೇಲಿನ ಟವೆಲ್ ಬಿಚ್ಚಿದ. "ಹತ್ತು ಸಾವಿರದ ಲೆಕ್ಕ, ಭಾವ. ಒಂದು ಬೆರಳಿಗೆ ಹತ್ತು."

ಕೈ ಕೊಟ್ಟೆ. ಅವನು ಒಂದು ಬೆರಳು ಹಿಡಿದ. ನಾನು ಫ್ಯಾನ್ ನೋಡಿದೆ. ಎರಡು ಹಿಡಿದ. ಹೆಂಡತಿಗೆ ಕಾಫಿ ಹೇಳಿದೆ. ಮೂರು ಹಿಡಿದ. ಬಳಸಿದ ಮಾಲಿಗೆ ಮೂವತ್ತು ಮೋಸವಿಲ್ಲ, ಇನ್ನು ಕೈ ಎಳೆಯೋಣ ಎಂದುಕೊಳ್ಳುವಷ್ಟರಲ್ಲಿ ಅವನು ಅವಸರಪಟ್ಟು ನಾಲ್ಕನೆಯದನ್ನೂ ಹಿಡಿದ. ನಾಲ್ಕನೆಯದೆಂದರೆ ಕಿರುಬೆರಳು.

"ಅಯ್ಯೋ! ಬಿಡೋ, ಬಿಡೋ!"

ನಾನು ಹೇಳಿದ್ದು ಬೆರಳು ಬಿಡು ಅಂತ. ಅವನಿಗೆ ಕೇಳಿಸಿದ್ದು ವ್ಯಾಪಾರ ಬಿಡು ಅಂತ. ನೆರೆಯವರು ಬಗ್ಗಿ ಬಗ್ಗಿ ನೋಡುತ್ತಿದ್ದರು. ಯಾರೋ ಹಿಂದಿನಿಂದ "ಪಾಪ, ಎಷ್ಟು ಕಡಿಮೆ ಕೇಳಿದ್ನೋ ಏನೋ" ಅಂದರು. ಬಾಮೈದನ ಕಿವಿ ಕೆಂಪಾಯಿತು. ಹಲ್ಲು ಕಚ್ಚಿ ನನ್ನ ಇಡೀ ಹಸ್ತವನ್ನು ಅದುಮಿ ಹಿಡಿದ.

"ಅಯ್ಯಯ್ಯೋ!" ಎಂದು ಕೈಯನ್ನು ಎಳೆದ ರಭಸಕ್ಕೆ ಟವೆಲ್ ಹಾರಿ ಪ್ರಸಾದದ ತಟ್ಟೆಯ ಮೇಲೆ ಬಿತ್ತು.

ಮಾರುವವನ ಕೈ ಹೊರಗೆ ಬಂದಿತ್ತು. ಕೊನೆಗೆ ಹಿಡಿದದ್ದು ಐದು. ಬಾಮೈದ ನನ್ನನ್ನು ನೋಡಿದ, ಪಿಯಾನೊ ನೋಡಿದ, ತನ್ನ ಕೈಯನ್ನೇ ಪರರ ಕೈ ನೋಡುವಂತೆ ನೋಡಿದ. ಯಾರ್ಡಿನವನು, ಮಾತು ತಿರುಗಿಸಲಿಲ್ಲ. ಫೋನ್ ತೆಗೆದು ಅಲ್ಲೇ ಐವತ್ತು ಸಾವಿರ ಹಾಕಿದ.

ಆಟೊ ಹೊರಟ ಮೇಲೆ ಹೆಂಡತಿ ಸೊಂಟಕ್ಕೆ ಕೈ ಇಟ್ಟು ನಿಂತಳು. "ನಿಜ ಹೇಳ್ರಿ. ಮೂರು ಸಲ ಅಯ್ಯೋ ಅಂದ್ರಲ್ಲ, ಮೂರೂ ನೋವಿಗೇನಾ?"

"ಮೊದಲೆರಡು ನೋವಿಗೆ ಕಣೇ. ಮೂರನೇದು ಆ ಐವತ್ತು ಸಾವಿರದ ಗಾಬರಿಗೆ."

ಲೆಕ್ಕ ಇಷ್ಟು: ಪಿಯಾನೊದಲ್ಲಿ ಬಂದದ್ದು ಹತ್ತು ಸಾವಿರ. ಪಾಠಕ್ಕೂ ಡಾಕ್ಟರಿಗೂ ಹೋದದ್ದು ನಾಲ್ಕು. ನಿವ್ವಳ ಲಾಭ ಆರು ಸಾವಿರ. ಅಯ್ಯೋ ಒಂದಕ್ಕೆ ಎರಡು ಸಾವಿರದಂತೆ.