ತಮ್ಮನನ್ನು ಕರೆತರಲು ಹೋದದ್ದು

ನಮ್ಮ ಮನೆಯಲ್ಲಿ ಏನೇ ಕೆಟ್ಟದ್ದು ನಡೆಯಲಿ, ಅದರ ಹಿಂದೆಯೇ ಒಂದು ನಗೆಪಾಟಲು ಬಂದೇ ಬರುತ್ತದೆ. ಅಪ್ಪ ತೀರಿಕೊಂಡ ದಿನ ಚಟ್ಟ ಕಟ್ಟಲು ಬಂದವನು ಕುಡಿದು ಅದರ ಮೇಲೆ ತಾನೇ ಮಲಗಿಬಿಟ್ಟಿದ್ದ. ತಮ್ಮನ ವಿಷಯದಲ್ಲೂ ಹಾಗೇ ಆಯಿತು. ನೆಟ್ಟಗೆ ಅಳುವುದಕ್ಕೂ ಬಿಡಲಿಲ್ಲವಲ್ಲ ಅನ್ನುವುದೇ ನನ್ನ ಸಿಟ್ಟು.

೧. ಖಾಲಿ ಜಾಗ

ನಾನು ಪೀಣ್ಯದಲ್ಲಿ ಗೇಟು, ಗ್ರಿಲ್ಲು ಮಾಡುವ ಶೆಡ್ಡಿನಲ್ಲಿ ವೆಲ್ಡರ್. ಮೊದಲು ಒಂದು ಅರಬ್ ದೇಶದಲ್ಲಿದ್ದೆ, ಹೆಸರು ಬೇಡ. ಅಲ್ಲಿನ ಮಾಲೀಕ ತಿಂಗಳುಗಟ್ಟಲೆ ಸಂಬಳ ಕೊಡದೆ ಸತಾಯಿಸಿದ. ಕೇಳಿದ್ದಕ್ಕೆ, ಇವನು ಕೆಲಸ ಬಿಟ್ಟು ಓಡಿಹೋಗಿದ್ದಾನೆ ಅಂತ ಪೊಲೀಸರಿಗೆ ದೂರು ಕೊಟ್ಟ. ಅವರು ನನ್ನ ಕಣ್ಣು, ಬೆರಳು ಎಲ್ಲದರ ಗುರುತು ತೆಗೆದುಕೊಂಡು, ಈ ಜನ್ಮದಲ್ಲಿ ಇನ್ನು ಇಲ್ಲಿ ಕಾಲಿಡಬೇಡ ಅಂತ ವಿಮಾನ ಹತ್ತಿಸಿದರು.

ಇದನ್ನೆಲ್ಲ ಕೇಳಿಸಿಕೊಂಡ ಮೇಲೂ ತಮ್ಮ ಅದೇ ದೇಶಕ್ಕೆ ಕ್ರೇನ್ ಓಡಿಸಲು ಹೊರಟ. ಬೇಡ ಕಣೋ ಅಂದರೆ, "ನಿನ್ನ ಓಡ್ಸಿದ್ರು ಅಂದ್ಮೇಲೆ ಅಲ್ಲಿ ಒಂದ್ ಜಾಗ ಖಾಲಿ ಆಯ್ತು ಅಂತ ತಾನೇ ಅಣ್ಣ?" ಅಂದ.

೨. ಅಮ್ಮನ ವೀಸಾ

ಹೋದ ವರ್ಷ ಒಂದು ದಿನ ಅವನು ಮಲಗಿದವನು ಏಳಲಿಲ್ಲ. ಹೃದಯ ನಿಂತುಹೋಗಿತ್ತು. ಹೆಣದ ಪೆಟ್ಟಿಗೆಯನ್ನು ವಿಮಾನದಲ್ಲಿ ಕಳಿಸುತ್ತೇವೆ, ಜೊತೆಗೆ ಬರುವುದಕ್ಕೆ ಮಾತ್ರ ಯಾರಿಗೂ ರಜೆ ಇಲ್ಲ ಅಂತ ಅವನ ರೂಮಿನವರು ಫೋನು ಮಾಡಿದರು.

ಅಮ್ಮ ಚಿಕ್ಕಬಾಣಾವರದ ಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. "ಹೆಣಾನ ಒಂಟಿಯಾಗ್ ಬಿಡ್ಬಾರ್ದು ಕಣಪ್ಪ. ಯಾರಾರ ಪಕ್ಕದಾಗೆ ಇರ್ಬೇಕು. ನೀನ್ ಓಗಿ ಕರ್ಕೊಂಡ್ ಬಾ."

"ನಾನು ಆ ದೇಶಕ್ಕೆ ಹೋಗೋ ಹಾಗಿಲ್ಲಮ್ಮ."

"ಯಾರಂದ್ರು?"

"ಅಲ್ಲಿನ ಸರ್ಕಾರ."

"ತಮ್ಮ ಸತ್ತೋಗವ್ನೆ ಅಂತ ಏಳು. ಬಾಗ್ಲಲ್ ನಿಂತೋನ್ನ ಸಾವಿನ್ ಮನೆಗ್ ಬರ್ಬ್ಯಾಡ ಅಂತ ಯಾರಾರ ಅಂತಾರಾ?"

ನಾನು ಪಾಸ್‌ಪೋರ್ಟ್ ಹುಡುಕಲು ಎದ್ದೆ.

೩. ಕಿಟಕಿ ಪಕ್ಕದ ಸೀಟು

ದಾರಿ ಹುಡುಕಿದವನು ನಮ್ಮ ಶೆಡ್ಡಿನ ಎದುರಿನ ಟ್ರಾವೆಲ್ಸ್ ಅಂಗಡಿಯವನು. ವಿಮಾನ ನಿಲ್ದಾಣದ ಒಳಗೇ ಇದ್ದು, ಊರಿಗೆ ಕಾಲಿಡದೆ ಇನ್ನೊಂದು ವಿಮಾನ ಹತ್ತಿದರೆ ನಿಷೇಧ ಅಡ್ಡ ಬರುವುದಿಲ್ಲವಂತೆ. ಹಾಗಾಗಿ ತಮ್ಮನ ಪೆಟ್ಟಿಗೆ ಬರುವ ವಿಮಾನವನ್ನೇ ನಾನೂ ಹತ್ತಬಹುದು. ಆದರೆ ಬೆಂಗಳೂರಿನಿಂದ ಹೋಗಿ ಬೆಂಗಳೂರಿಗೇ ಮರಳಿದರೆ ಅದು ವಿಮಾನ ಬದಲಿಸಿದ ಲೆಕ್ಕಕ್ಕೆ ಬರುವುದಿಲ್ಲ, ಅಲ್ಲಿಗೆ ಇನ್ಯಾವುದಾದರೂ ದೇಶದಿಂದ ಬಂದಿಳಿಯಬೇಕು. ಮುಂಚೆಯೇ ವೀಸಾ ಮಾಡಿಸದೆ ಹೋಗಬಹುದಾದ ದೇಶ ಅಂತ ಅವನು ಮಾಲ್ಡೀವ್ಸ್ ಆರಿಸಿದ. ಇಲ್ಲಿಂದ ನೇರ ಅಲ್ಲಿಗೆ, ಬರುವಾಗ ಅರಬ್ ದೇಶ ಸುತ್ತಿಕೊಂಡು ಬೆಂಗಳೂರಿಗೆ.

ಪಾಪ, ಒಳ್ಳೆಯ ಮನುಷ್ಯ. ಟಿಕೆಟ್ ಮಾಡುತ್ತಾ ಮಾಡುತ್ತಾ ಅಭ್ಯಾಸಬಲದಿಂದ ಕೇಳಿದ: "ವಾಪಸ್ ಬರುವಾಗ ನಿಮಗೆ ವಿಂಡೋ ಸೀಟ್ ಹಾಕಿದೀನಿ ಸಾರ್. ತಮ್ಮಂಗೂ ಪಕ್ಕದಲ್ಲೇ ಹಾಕ್ಲಾ?"

ಕೇಳಿದವನ ಕೈ ಕೀಬೋರ್ಡಿನ ಮೇಲೆ ಹಾಗೇ ನಿಂತುಹೋಯಿತು. ಆಮೇಲೆ ನನಗೆ ಕಾಫಿ ತರಿಸಿದ. ಕುಡಿದ ಮೇಲೆ ಇನ್ನೊಂದು ತರಿಸಿದ.

೪. ಹೂವಿನ ಹಾಸಿಗೆ

ಮಾಲ್ಡೀವ್ಸ್ ಹೊಸದಾಗಿ ಮದುವೆಯಾದವರು ಹೋಗುವ ಜಾಗ ಅಂತ ನನಗೆ ಗೊತ್ತಿರಲಿಲ್ಲ. ಹೋಟೆಲಿನಲ್ಲಿ ಖಾಲಿ ಇದ್ದದ್ದು ಹನಿಮೂನ್ ರೂಮು ಒಂದೇ. ಮಂಚದ ತುಂಬ ಗುಲಾಬಿ ಎಸಳು ಹರಡಿ, ಟವಲಿನಲ್ಲಿ ಎರಡು ಹಂಸ ಮಾಡಿ ಕೂರಿಸಿದ್ದರು. ಅಷ್ಟು ಹೂವನ್ನು ಒಟ್ಟಿಗೆ ನೋಡಿದಾಗ ನನಗೆ ನೆನಪಾದದ್ದು ಬೇರೆಯೇ. ಸೂತಕದಲ್ಲಿ ಮಂಚ ಹತ್ತಬಾರದು ಅಂತ ನೆಲದ ಮೇಲೆ ಟವಲ್ ಹಾಸಿಕೊಂಡು ಮಲಗಿದೆ.

ಬೆಳಿಗ್ಗೆ ರೂಮು ಗುಡಿಸಲು ಬಂದ ಹೆಂಗಸು ಹೂವು ಅಲುಗದ ಮಂಚ ನೋಡಿದಳು, ನೆಲದ ಮೇಲಿದ್ದ ನನ್ನನ್ನು ನೋಡಿದಳು, ಊದಿಕೊಂಡ ಕಣ್ಣು ನೋಡಿದಳು. ಹರಕುಮುರುಕು ಹಿಂದಿಯಲ್ಲಿ ಸಮಾಧಾನ ಮಾಡಿದಳು: "ಅಳಬೇಡಿ ಅಣ್ಣ. ಮೊದಲ ಜಗಳ ಹೀಗೇ ಇರುತ್ತೆ. ಸಂಜೆಯೊಳಗೆ ವಾಪಸ್ ಬರ್ತಾಳೆ."

೫. ಕಾವಲು

ಆ ದೇಶದ ನಿಲ್ದಾಣದಲ್ಲಿ ತಲೆ ತಗ್ಗಿಸಿಕೊಂಡು ಇಳಿದೆ. ಯಾರೂ ತಡೆಯಲಿಲ್ಲ. ಪೆಟ್ಟಿಗೆ ನನ್ನ ವಿಮಾನಕ್ಕೇ ಬಂದಿದೆ ಅಂತ ತಮ್ಮನ ರೂಮಿನವನು ಫೋನಿನಲ್ಲಿ ಹೇಳಿದ. ಅಬ್ಬಾ, ಅಮ್ಮನ ಮಾತು ಉಳಿಯಿತು ಅಂದುಕೊಂಡೆ.

ಅಷ್ಟರಲ್ಲಿ ವಿಮಾನ ಕೆಟ್ಟಿತು. ಎಲ್ಲರೂ ನಾಳೆ ಹೋಗಬೇಕು, ಊರೊಳಗೆ ಹೋಟೆಲು ಬಿಟ್ಟಿ, ಊಟ ಬಿಟ್ಟಿ, ಬಸ್ಸು ಹತ್ತಿ ಅಂದರು. ಎಲ್ಲರೂ ಹತ್ತಿದರು. ನನ್ನ ಪಾಸ್‌ಪೋರ್ಟ್ ನೋಡಿದ ಪೊಲೀಸಿನವನು, ಇವನು ಹೊರಗೆ ಹೋಗುವಂತಿಲ್ಲ ಅಂದ. ವಿಮಾನದ ಕಂಪನಿಯ ಹುಡುಗಿ, ಗೇಟ್ ಮುಚ್ಚುತ್ತೇವೆ, ಇಲ್ಲೂ ಇರುವಂತಿಲ್ಲ ಅಂದಳು. ಕೊನೆಗೆ ಒಂದು ಕುರ್ಚಿ ಹಾಕಿ ನನ್ನನ್ನು ಕೂರಿಸಿ, ಪಕ್ಕದ ಕುರ್ಚಿಯಲ್ಲಿ ಪೊಲೀಸಿನವನನ್ನು ಕಾವಲಿಗೆ ಕೂರಿಸಿದರು. ಹೆಣದ ಪಕ್ಕ ಕೂರಬೇಕಾದವನು ನಾನು, ನನ್ನ ಪಕ್ಕ ಪೊಲೀಸು.

ಸ್ವಲ್ಪ ಹೊತ್ತಿಗೆ ಆ ಹುಡುಗಿ ಒಳ್ಳೆಯ ಸುದ್ದಿ ಹೇಳುವವಳ ಹಾಗೆ ಬಂದಳು. ಪೆಟ್ಟಿಗೆಯನ್ನು ಕಾಯಿಸಬಾರದು ಅಂತ ಆಗಲೇ ಬೇರೆ ವಿಮಾನದಲ್ಲಿ ಕಳಿಸಿಬಿಟ್ಟಿದ್ದರು. ತಮ್ಮ ಒಬ್ಬನೇ ಹೋಗಿದ್ದ. ನಾನು ಜೋರಾಗಿ ಅತ್ತುಬಿಟ್ಟೆ. ಪೊಲೀಸಿನವನಿಗೆ ಗಾಬರಿಯಾಯಿತು. ನನ್ನ ಬೆನ್ನು ಸವರಿ, ಖರ್ಜೂರ ಕೊಟ್ಟು, ಹಿಂದಿಯಲ್ಲಿ ಧೈರ್ಯ ಹೇಳಿದ: "ಹೆದರಬೇಡ ತಮ್ಮಾ. ನಿನ್ನನ್ನ ಈ ದೇಶದಿಂದ ಖಂಡಿತ ಓಡಿಸ್ತೀವಿ."

೬. ಮೊದಲು ಬಂದವನು

ಮರುದಿನ ಬೆಂಗಳೂರಿನಲ್ಲಿ ಇಳಿದು ಸರಕು ಬರುವ ಕಡೆಗೆ ಓಡಿದೆ. ಗೇಟಿನ ಹೊರಗೆ ಆಂಬ್ಯುಲೆನ್ಸ್ ನಿಂತಿತ್ತು. ಒಳಗೆ ಪೆಟ್ಟಿಗೆ, ಪಕ್ಕದಲ್ಲಿ ಅಮ್ಮ, ಡ್ರೈವರಿನ ಜೊತೆ ಸೋದರಮಾವ. ಹಿಂದಿನ ದಿನವೇ ಪೆಟ್ಟಿಗೆ ಬಂದರೂ, ದೊಡ್ಡೋನು ಬರದೆ ಗಾಡಿ ಹೊರಡಬಾರದು ಅಂತ ಅಮ್ಮ ಹಟ ಹಿಡಿದಿದ್ದಳಂತೆ.

ನಾನು ಹತ್ತಿ ಪೆಟ್ಟಿಗೆಯ ಮೇಲೆ ಕೈ ಇಟ್ಟೆ. ಅಮ್ಮನ ಮುಖ ನೋಡುವ ಧೈರ್ಯ ಬರಲಿಲ್ಲ. "ಒಬ್ಬನ್ನೇ ಬಿಟ್ಬಿಟ್ಟೆ ಕಣಮ್ಮ. ಜೊತೇಲಿ ಕರ್ಕೊಂಡ್ ಬರೋಕೆ ಆಗ್ಲಿಲ್ಲ" ಅಂದೆ.

ಅಮ್ಮ ಸೆರಗಿನಿಂದ ನನ್ನ ಮುಖ ಒರೆಸಿದಳು. "ಓಗ್ಲಿ ಬಿಡು. ಅವ್ನು ದಾರಿ ಕೇಳ್ಕೊಂಡು ಎಂಗೋ ಬಂದವ್ನೆ. ನಿನ್ನ ಕರ್ಕೊಂಡ್ ಬರಾಕೆ ಇನ್ಯಾರ್ನಪ್ಪಾ ಕಳ್ಸಾದು ಅಂತ ನಾನೂ ಅವ್ನೂ ಯೋಚ್ನೆ ಮಾಡ್ತಾ ಕುಂತಿದ್ವಿ."