ಪಾಳೇಗಾರರ ಸೇರು

ನಕಲಿ ಮಾಲನ್ನು ಕಂಡುಹಿಡಿಯುವ ವಿದ್ಯೆ ನನಗೆ ಹುಟ್ಟಿನಿಂದಲೇ ಬಂದದ್ದು ಎಂದು ನಾನೇ ಊರೆಲ್ಲ ಹೇಳಿಕೊಂಡು ತಿರುಗಿದ್ದರಿಂದ, ಈಗ ಇದನ್ನು ಹೇಳಲು ನಾಚಿಕೆಯಾಗುತ್ತದೆ. ಆಫೀಸಿನಲ್ಲಿ ಊಟದ ಹೊತ್ತಿಗೆ ಗಂಗಾನಗರದ ನಂಜುಂಡ ನನ್ನ ಕೈಗೆ ಸಿಕ್ಕಿಬೀಳುತ್ತಿದ್ದ. "ಹಳೇ ಹಿತ್ತಾಳೆ ಅಂದ್ರೆ ಹಸಿರು ಕಿಲುಬು ಹಿಡಿದಿರ್ಬೇಕು ಕಣಯ್ಯ. ಹೊಳೀತಿದ್ರೆ ಡೂಪ್ಲಿಕೇಟು, ಕಣ್ಮುಚ್ಚಿಕೊಂಡು ಹೇಳ್ಬಹುದು" ಎಂದು ಪಾಠ ಮಾಡುತ್ತಿದ್ದೆ. ಪಾಪ, ಚಪಾತಿ ಅಗಿಯುತ್ತಾ ತಲೆಯಾಡಿಸುತ್ತಿದ್ದ. ಬಾಯಿ ತುಂಬಿದವನು ವಾದ ಮಾಡುವುದಿಲ್ಲ ನೋಡಿ.

ಇಂಥ ಮಹಾಪಂಡಿತ ಆನ್‌ಲೈನ್ ಹರಾಜಿನಲ್ಲಿ ಒಂದು ಸೇರು ಗೆದ್ದೆ. ಯಲಹಂಕದ ಪಾಳೇಗಾರರ ಕಣಜದಲ್ಲಿ ದವಸ ಅಳೆಯುತ್ತಿದ್ದ ಸೇರಂತೆ. ಫೋಟೋದಲ್ಲಿ ಅದರ ಕಿಲುಬು ಕಂಡೇ ನಾನು ಕರಗಿಹೋದೆ. ಯಾವನೋ ದಡ್ಡ ಕೊನೆಯವರೆಗೂ ನನ್ನ ಮೇಲೆ ಬೆಲೆ ಏರಿಸುತ್ತಿದ್ದು, ಆಮೇಲೆ ಸುಮ್ಮನಾದ. ದಡ್ಡ ಯಾರೆಂದು ಈಗ ಕೇಳಬೇಡಿ. ಭಾನುವಾರ ಬಂದು ನೋಡು ಎಂದು ನಂಜುಂಡನನ್ನು ವಿದ್ಯಾರಣ್ಯಪುರದ ನಮ್ಮ ಮನೆಗೆ ಕರೆದೂ ಬಿಟ್ಟೆ.

ಪಾರ್ಸೆಲ್ ಬಿಚ್ಚಿದಾಗ ನನ್ನ ಹೆಂಡತಿ ಶಾರದಾ ಒಂದು ಲೀಟರಿನ ನೀರಿನ ಬಾಟಲಿ ತಂದು ಸೇರಿನೊಳಗೆ ಸುರಿದಳು. ಕಂಠಮಟ್ಟ ತುಂಬಿತು, ಒಂದು ಹನಿ ಹೆಚ್ಚಿಲ್ಲ, ಕಮ್ಮಿಯಿಲ್ಲ.

"ರೀ, ಪಾಳೇಗಾರ್ರ ಕಾಲದಲ್ಲೇ ಲೀಟರ್ ಇತ್ತಾ?"

"ಕಾಕತಾಳೀಯ ಇರ್ಬಹುದು ಕಣೇ" ಎಂದೆ.

ಅಕ್ಕಿ ಡಬ್ಬದಿಂದ ನಮ್ಮಜ್ಜಿಯ ಸೇರು ತೆಗೆದು, ಅದೇ ನೀರನ್ನು ಅದಕ್ಕೆ ಹಾಕಿದಳು. ಅದು ತುಂಬದೆ ಇನ್ನೂ ಬಾಯಿ ತೆರೆದುಕೊಂಡೇ ಇತ್ತು. "ಸೇರು ಅಂದ್ರೆ ಇದು" ಎಂದು, ಪಾಳೇಗಾರರ ಸೇರು ಮುಟ್ಟಿ ಹಸಿರಾದ ಬೆರಳನ್ನು ನನ್ನ ಮೂಗಿಗೆ ಹಿಡಿದಳು. "ಮೂಸಿ ನೋಡಿ. ಪೇಂಟು!"

ದುಡ್ಡು ಹಾಳಾಗಲಿ, ನಂಜುಂಡನ ಮುಂದೆ ಮಾನ ಉಳಿಯಬೇಡವೇ? ಪಾಳೇಗಾರರನ್ನು ಅಡುಗೆಮನೆಯ ಸಿಂಕಿನ ಕೆಳಗೆ ತಳ್ಳಿ, ಅಜ್ಜಿಯ ಸೇರನ್ನು ಷೋಕೇಸಿನಲ್ಲಿ ಕೂರಿಸಿದೆ. ಹಬ್ಬಹಬ್ಬಕ್ಕೂ ಹುಣಸೆಹಣ್ಣು ಹಾಕಿ ತಿಕ್ಕಿಸಿಕೊಂಡ ಸೇರು ಅದು.

ಭಾನುವಾರ ನಂಜುಂಡ ಬಂದ. ಉಪ್ಪಿಟ್ಟು ತಿಂದ, ಕನ್ನಡಕ ಹಾಕಿಕೊಂಡ, ಸೇರನ್ನು ತಿರುಗಿಸಿ ನೋಡಿದ.

"ಬೇಜಾರ್ ಮಾಡ್ಕೋಬೇಡಿ ಸಾರ್. ಫಳಫಳ ಅಂತಿದೆ, ಕಿಲುಬು ಒಂಚೂರೂ ಇಲ್ಲ. ನೀವೇ ಹೇಳ್ಕೊಟ್ಟಿದ್ದಲ್ವಾ?" ಎಂದು ಮರುಗುತ್ತಾ ಕೈ ತೊಳೆಯಲು ಒಳಗೆ ಹೋದ. ಅಲ್ಲಿಂದಲೇ ಕೂಗಿದ: "ಸಾರ್! ಒರಿಜಿನಲ್ ಇಲ್ಲಿ ಸಿಂಕ್ ಕೆಳಗಿದೆಯಲ್ಲ ಸಾರ್! ನನ್ನ ಟೆಸ್ಟ್ ಮಾಡ್ತಿದ್ರಾ?"

ಶಾರದಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನನ್ನನ್ನೇ ನೋಡಿದಳು. ಹೌದೆಂದರೆ ಅಜ್ಜಿಯ ಸೇರು ನಕಲಿ, ಅಲ್ಲವೆಂದರೆ ನಾನೇ ನಕಲಿ. ಅಜ್ಜಿಯಂತೂ ಈಗಿಲ್ಲ.

"ಹೌದಯ್ಯ, ಪಾಸಾದೆ" ಎಂದೆ.