ಆರು ಚಕ್ರ, ಆರು ನಿಂಬೆಹಣ್ಣು

1988ರಲ್ಲಿ ನಾನು ವಿದ್ಯಾಭ್ಯಾಸ ನಿಲ್ಲಿಸಿದೆ. ಸರಿಯಾಗಿ ಹೇಳಬೇಕೆಂದರೆ ವಿದ್ಯಾಭ್ಯಾಸ ತನ್ನ ಪಾಡಿಗೆ ಮುಂದೆ ಹೋಯಿತು, ನಾನು ಎಂಟನೇ ಕ್ಲಾಸಿನ ಸ್ಟಾಪಿನಲ್ಲಿ ಇಳಿದುಕೊಂಡೆ. ಇಳಿದವನು ನೇರವಾಗಿ ಯಶವಂತಪುರದ ಒಂದು ಲೇತ್ ವರ್ಕ್‌ಶಾಪ್ ಸೇರಿದೆ. ಹನ್ನೆರಡು ವರ್ಷ ಕೆಲಸ ಕಲಿತು, ಅದೇ ರಸ್ತೆಯಲ್ಲಿ ಸ್ವಂತ ವರ್ಕ್‌ಶಾಪ್ ತೆರೆದು, ಬಾಗಿಲ ಮೇಲೆ ಬೋರ್ಡ್ ಹಾಕಿಸಿದೆ: ‘ಇಲ್ಲಿ ಎಲ್ಲಾ ತರಹದ ಕೆಲಸಗಳನ್ನು ಮಾಡಿಕೊಡಲಾಗುತ್ತದೆ.’

‘ಎಲ್ಲಾ’ ಎಂಬುದನ್ನು ಮಾತ್ರ ಕೆಂಪು ಬಣ್ಣದಲ್ಲಿ ಬರೆಸಿದ್ದೆ. ಇಷ್ಟು ವರ್ಷ ಆ ಕೆಂಪು ಅಕ್ಷರಗಳಿಗೆ ಅವಮಾನವಾಗುವಂಥದ್ದೇನೂ ನಡೆದಿರಲಿಲ್ಲ. ಬೋರ್‌ವೆಲ್ ಪಂಪಿನ ಶಾಫ್ಟ್ ಮಾಡಿದ್ದೇನೆ, ದೇವಸ್ಥಾನದ ಗಂಟೆಗೆ ನಾಲಿಗೆ ಮಾಡಿದ್ದೇನೆ, ಹುಣಸಮಾರನಹಳ್ಳಿಯ ಒಬ್ಬ ಯಜಮಾನರ ಊರುಗೋಲಿಗೆ ಹಿತ್ತಾಳೆಯ ಕಟ್ಟು ಕೂಡ ಹಾಕಿಕೊಟ್ಟಿದ್ದೇನೆ. ಆಗುವುದಿಲ್ಲ ಎಂದು ಯಾರನ್ನೂ ವಾಪಸ್ಸು ಕಳಿಸಿದವನಲ್ಲ.

ಹೀಗಿರುವಾಗ ನನ್ನ ಹೆಂಡತಿ ಸರೋಜಳ ತಮ್ಮ ಗಿರೀಶ ಒಂದು ಭಾನುವಾರ ಅಲ್ಲಾಳಸಂದ್ರದ ನಮ್ಮ ಮನೆಗೆ ಒಂದು ದೊಡ್ಡ ಡಬ್ಬ ಹೊತ್ತುಕೊಂಡು ಬಂದ. ಗಿರೀಶ ಇಂಜಿನಿಯರು, ಹೆಬ್ಬಾಳದಲ್ಲಿ ಫ್ಲ್ಯಾಟು. ಡಬ್ಬದಲ್ಲಿದ್ದದ್ದು ತ್ರೀಡಿ ಪ್ರಿಂಟರ್. ಪ್ಲಾಸ್ಟಿಕ್ ದಾರವನ್ನು ಕಾಯಿಸಿ ಕರಗಿಸಿ, ಜಿಲೇಬಿ ಸುತ್ತಿದ ಹಾಗೆ ಸುತ್ತಿ, ಪದರದ ಮೇಲೆ ಪದರ ಇಟ್ಟು ಬೇಕಾದ ವಸ್ತು ಮಾಡುವ ಯಂತ್ರ.

“ಭಾವ, ನಮ್ಮನೇಲಿ ಜಾಗ ಇಲ್ಲ, ಸ್ವಲ್ಪ ದಿನ ಇಲ್ಲಿರ್ಲಿ. ಆದ್ರೆ ನೀವು ಮುಟ್ಬೇಡಿ. ಇದು ಲೇತ್ ಅಲ್ಲ. ಸ್ವಲ್ಪ ಓದ್ಕೊಂಡು ಮಾಡೋ ಕೆಲಸ.”

ಅವನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಆದರೆ ಎಂಟನೇ ಕ್ಲಾಸಿನಲ್ಲಿ ಇಳಿದುಕೊಂಡವನ ಮುಂದೆ ‘ಓದ್ಕೊಂಡು’ ಎನ್ನಬಾರದು.

“ಏನ್ ಮಾಡ್ಬೇಕು ಹೇಳಪ್ಪಾ ಇದರಲ್ಲಿ?” ಎಂದೆ.

ಅವನು ಮೊಬೈಲಿನಲ್ಲಿ ಒಂದು ಗಾಡಿ ತೋರಿಸಿದ. ಯಾವುದೋ ಸಿನಿಮಾದ್ದು. ಆ ಸಿನಿಮಾ ನಾನೂ ನೋಡಿದ್ದೆ. ಕಥೆ ನೆನಪಿಲ್ಲ, ಹೀರೋ ಮುಖವೂ ಮಸುಕು. ಗಾಡಿ ಮಾತ್ರ ನೆನಪಿತ್ತು. ಕಪ್ಪು ಬಣ್ಣ, ಆರು ಚಕ್ರ, ಮುಂದುಗಡೆ ಎತ್ತಿನ ಕೊಂಬಿನಂಥ ಬಂಪರ್. ಕೊನೆಯ ದೃಶ್ಯದಲ್ಲಿ ವಿಲನ್ ಮನೆಯ ಕಾಂಪೌಂಡ್ ಗೋಡೆಯನ್ನು ಒಡೆದುಕೊಂಡು ಒಳಗೆ ನುಗ್ಗುತ್ತದೆ. ಯಾರೋ ಪುಣ್ಯಾತ್ಮ ಅದರ ಎರಡಡಿ ಉದ್ದದ ಮಾದರಿಯ ನಕ್ಷೆಗಳನ್ನೆಲ್ಲ ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಹಾಕಿದ್ದನಂತೆ. ಅರವತ್ತನಾಲ್ಕು ಭಾಗ ಪ್ರಿಂಟ್ ಮಾಡಿ ಜೋಡಿಸಿ ಮೋಟರ್ ಕೂರಿಸಿದರೆ ರಿಮೋಟಿನಲ್ಲಿ ಓಡುತ್ತದೆ. ಗಿರೀಶ ನಾಲ್ಕನೇ ಭಾಗಕ್ಕೇ ಕೈಬಿಟ್ಟಿದ್ದ.

“ಆಯುಧಪೂಜೆ ದಿನ ವರ್ಕ್‌ಶಾಪಿಗೆ ಬಾ. ಈ ಗಾಡಿ ಅಲ್ಲಿ ಓಡ್ತಾ ಇರುತ್ತೆ,” ಎಂದೆ.

“ಓಡ್ಲಿಲ್ಲ ಅಂದ್ರೆ?”

“ಬೋರ್ಡಲ್ಲಿ ‘ಎಲ್ಲಾ’ ಅಂತ ಇದ್ಯಲ್ಲಾ, ಅದನ್ನ ಅಳಿಸಿಬಿಡ್ತೀನಿ!”

ಅಡುಗೆಮನೆಯಿಂದ ಸರೋಜ ಹೇಳಿದಳು: “ರೀ, ಬೋರ್ಡ್ ತಂಟೆಗೆ ಹೋಗ್ಬೇಡಿ.” ನಾನು ಕೇಳಿಸಿಕೊಳ್ಳಲಿಲ್ಲ.

ಮೊದಲು ಚಕ್ರ ಮಾಡೋಣವೆಂದು ನಿರ್ಧರಿಸಿದೆ. ಚಕ್ರ ಗುಂಡಗಿರುತ್ತದೆ, ಗುಂಡಗಿನ ವಸ್ತುಗಳ ವಿಷಯದಲ್ಲಿ ನನಗೆ ಮೂವತ್ತೈದು ವರ್ಷದ ಅನುಭವ. ಗುಂಡಿ ಒತ್ತಿದೆ. ಯಂತ್ರ ಕಾಯಿತು, ಗುಂಯ್ ಎಂದಿತು, ಒಂದೇ ನಿಮಿಷದಲ್ಲಿ ‘ಮುಗಿಯಿತು’ ಎಂದು ತೋರಿಸಿತು. ವಿಜ್ಞಾನ ಇಷ್ಟು ಮುಂದುವರಿದಿದೆಯೇ ಎಂದು ಬೆರಗಾಗಿ ಬಗ್ಗಿ ನೋಡಿದರೆ ಚಕ್ರ ಕಾಣಿಸಲಿಲ್ಲ. ಕನ್ನಡಕ ಹಾಕಿಕೊಂಡು ನೋಡಿದೆ. ಇತ್ತು. ಕೊತ್ತಂಬರಿ ಬೀಜದಷ್ಟಿತ್ತು.

ಸರೋಜ ಅದನ್ನು ಅಂಗೈಯಲ್ಲಿಟ್ಟುಕೊಂಡು ಸೂಕ್ಷ್ಮವಾಗಿ ಪರಿಶೀಲಿಸಿದಳು. “ಇದನ್ನ ಹುರಿದು ಪುಡಿ ಮಾಡ್ಬೇಕಾ, ಹಂಗೇ ಹಾಕ್ಬೋದಾ?”

ಗಿರೀಶನಿಗೆ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು. ನಕ್ಷೆ ಬರೆದ ಪುಣ್ಯಾತ್ಮ ನಾಲ್ಕು ಇಂಚು ಎಂದು ಬರೆದಿದ್ದಾನೆ, ಯಂತ್ರ ನಾಲ್ಕು ಮಿಲಿಮೀಟರ್ ಎಂದು ಓದಿಕೊಂಡಿದೆ. ಒಂದು ಇಂಚಿಗೆ ಇಪ್ಪತ್ತೈದು ಪಾಯಿಂಟ್ ನಾಲ್ಕು ಮಿಲಿಮೀಟರ್. ಇದು ನನಗೆ ನಿದ್ದೆಯಲ್ಲೂ ಬರುವ ಲೆಕ್ಕ. ಅಷ್ಟು ಪಾಲು ದೊಡ್ಡದು ಮಾಡಿ ಮತ್ತೆ ಗುಂಡಿ ಒತ್ತಿದೆ. ಈ ಸಲ ಏಳು ಗಂಟೆ ಹಿಡಿಯುತ್ತದೆ ಎಂದು ತೋರಿಸಿತು. ಒಂದು ಚಕ್ರಕ್ಕೆ! ಲೇತ್ ಮೇಲಾದರೆ ಏಳು ಗಂಟೆಯಲ್ಲಿ ಎತ್ತಿನ ಗಾಡಿಗೇ ಅಚ್ಚು ಮಾಡಿ ಮುಗಿಸಿ, ಎತ್ತುಗಳಿಗೆ ನೀರು ಕುಡಿಸಿ ಬರುತ್ತಿದ್ದೆ.

ಇರಲಿ ಎಂದು ಯಂತ್ರವನ್ನು ಅದರ ಪಾಡಿಗೆ ಬಿಟ್ಟು ವರ್ಕ್‌ಶಾಪಿಗೆ ಹೋದೆ. ಸಂಜೆ ಬಂದು ನೋಡಿದರೆ ಚಕ್ರ ಅರ್ಧ ದಪ್ಪಕ್ಕೇ ನಿಂತಿತ್ತು.

“ಕರೆಂಟ್ ಹೋಗಿತ್ತಾ?”

“ಇಲ್ವಲ್ಲಾ. ಮಿಕ್ಸಿಗೆ ಪ್ಲಗ್ ಬೇಕಿತ್ತು ಅಂತ ಒಂದ್ ಐದು ನಿಮಿಷ ತೆಗ್ದೆ. ಚಟ್ನಿ ಆದ್ಮೇಲೆ ವಾಪಸ್ ಹಾಕಿದ್ನಲ್ಲಾ!”

ಅರ್ಧ ದಪ್ಪದ ಚಕ್ರವನ್ನು ಸರೋಜ ವ್ಯರ್ಥ ಮಾಡಲಿಲ್ಲ. ಸಾರಿನ ಪಾತ್ರೆಗೆ ಸಿಂಬೆಯ ಹಾಗೆ ಕೆಳಗಿಟ್ಟಳು. ಊಟವಾದ ಮೇಲೆ ಪಾತ್ರೆ ಎತ್ತಿದರೆ ಚಕ್ರವೂ ಜೊತೆಗೇ ಎದ್ದು ಬಂತು. ತಳಕ್ಕೆ ಬೆಸೆದುಕೊಂಡಿತ್ತು. “ಪ್ಲಾಸ್ಟಿಕ್ ಮೇಲೆ ಬಿಸಿ ಪಾತ್ರೆ ಇಡೋರುಂಟೇನೇ? ಅಷ್ಟೂ ಗೊತ್ತಾಗಲ್ವಾ?” ಎಂದು ನಾನು ಗಟ್ಟಿಯಾಗಿ ನಕ್ಕೆ.

ಈ ನಗುವನ್ನು ಓದುಗರು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು.

ಮುಂದಿನ ವಾರ ಆರು ಚಕ್ರಗಳೂ ಸಿದ್ಧವಾದವು. ಅವುಗಳೊಳಗೆ ಬೇರಿಂಗ್ ಕೂರಿಸಬೇಕಿತ್ತು. ತೂತು ಒಂದು ಕೂದಲೆಳೆಯಷ್ಟು ಇಕ್ಕಟ್ಟು. ಕಬ್ಬಿಣದಲ್ಲಿ ಹೀಗಾದರೆ ಏನು ಮಾಡಬೇಕೆಂದು ನಮ್ಮ ರಸ್ತೆಯಲ್ಲಿ ಯಾರನ್ನು ಬೇಕಾದರೂ ಕೇಳಿ: ತೂತಿನ ಸುತ್ತ ಚೆನ್ನಾಗಿ ಕಾಯಿಸಬೇಕು, ಲೋಹ ಹಿಗ್ಗುತ್ತದೆ, ಬೇರಿಂಗ್ ಜಾರಿಕೊಂಡು ಕೂರುತ್ತದೆ. ಕೈ ತನ್ನಷ್ಟಕ್ಕೇ ಗ್ಯಾಸ್ ಟಾರ್ಚ್ ಹಚ್ಚಿತು. ಚಕ್ರ ಹಿಗ್ಗಲಿಲ್ಲ. ಮೊದಲು ಹಪ್ಪಳದ ಹಾಗೆ ಮುದುರಿತು, ಆಮೇಲೆ ಟೇಬಲ್ಲಿನ ಅಂಚಿನಿಂದ ನಿಧಾನವಾಗಿ ಕೆಳಗಿಳಿಯಿತು.

ಈ ಸಂಗತಿಯನ್ನು ಸರೋಜಳಿಗೆ ತಿಳಿಸುವ ಅಗತ್ಯ ಕಾಣಲಿಲ್ಲ. ಇನ್ನೊಂದು ಚಕ್ರ ಪ್ರಿಂಟ್ ಮಾಡಿದೆ. ಎಲ್ಲ ಚಕ್ರಗಳ ತೂತನ್ನೂ ಡ್ರಿಲ್ಲಿನಲ್ಲಿ ದೊಡ್ಡದು ಮಾಡಿದೆ. ಸ್ವಲ್ಪ ಜಾಸ್ತಿಯೇ ದೊಡ್ಡದಾಯಿತು. ಅಂಟು ಹಾಕಿದೆ.

ಇನ್ನು ಅಚ್ಚುಗಳು. ನಕ್ಷೆಯ ಪ್ರಕಾರ ಅವೂ ಪ್ಲಾಸ್ಟಿಕ್ಕೇ. ಇಲ್ಲಿ ಮಾತ್ರ ನನ್ನ ಆತ್ಮಗೌರವ ಒಪ್ಪಲಿಲ್ಲ. ಲೇತ್ ಇಟ್ಟುಕೊಂಡವನು ಪ್ಲಾಸ್ಟಿಕ್ ಅಚ್ಚು ಹಾಕುವುದೇ? ಅರ್ಧ ಇಂಚು ದಪ್ಪದ ಉಕ್ಕಿನ ಮೂರು ಅಚ್ಚು ಕಡೆದೆ. ನುಣುಪೆಂದರೆ ಮುಖ ನೋಡಿಕೊಂಡು ಮೀಸೆ ಕತ್ತರಿಸಬಹುದು. ಗೇರುಗಳೂ ಸೇರಿ ಉಳಿದ ಭಾಗಗಳೆಲ್ಲ ಒಂದೊಂದಾಗಿ ಪ್ರಿಂಟ್ ಆದ ಮೇಲೆ, ಮೋಟರ್ ಕೂರಿಸಿ ಗಾಡಿ ಜೋಡಿಸಿ ಎತ್ತಿ ನೋಡಿದಾಗ ಭಾರ ಸೊಂಟಕ್ಕೆ ಬಂತು. ಗಾಡಿ ಎಂದಮೇಲೆ ತೂಕವಿರಬೇಕು ಎಂದುಕೊಂಡೆ. ಮನೆಯ ಹಾಲಿನಲ್ಲಿ ಓಡಿಸಿದೆ. ಸೋಫಾದಿಂದ ಟೀವಿಯವರೆಗೆ ನಡೆಯಿತು. ಸ್ವಲ್ಪ ನಿಧಾನ, ಸ್ವಲ್ಪ ನರಳುವಿಕೆ. ಆದರೆ ಓಡಿತು! ನಾನೇ ಚಪ್ಪಾಳೆ ತಟ್ಟಿದೆ.

ಆಯುಧಪೂಜೆಯ ಬೆಳಿಗ್ಗೆ ವರ್ಕ್‌ಶಾಪಿನಲ್ಲಿ ಲೇತಿಗೆ ಅರಿಶಿನ ಕುಂಕುಮ, ಬಾಗಿಲಿಗೆ ಬಾಳೆಕಂದು, ಎದುರಿಗೆ ಬೂದುಗುಂಬಳಕಾಯಿ. ಎಲ್ಲದರ ಮುಂದೆ, ಸಿಮೆಂಟ್ ನೆಲದ ಮೇಲೆ, ಚೆಂಡುಹೂವಿನ ಹಾರ ಹಾಕಿಕೊಂಡ ನನ್ನ ಗಾಡಿ. ಗಿರೀಶ ನಮ್ಮತ್ತೆಯವರನ್ನು ಕರೆದುಕೊಂಡು ಬಂದ. ಪಕ್ಕದ ಟೀ ಅಂಗಡಿಯವರು ಬಂದರು. ನಮ್ಮ ಸಾಮಾನು ಸಾಗಿಸುವ ಟೆಂಪೋದ ಡ್ರೈವರ್ ಮುನಿರಾಜು ಬಂದು, ಗಾಡಿಯನ್ನು ಒಂದು ಸುತ್ತು ಹಾಕಿ, ಗಂಭೀರವಾಗಿ ಕೇಳಿದ.

“ಅಣ್ಣಾ, ಆರ್‌ಟಿಓದಲ್ಲಿ ಎಫ್‌ಸಿ ಆಗಿದ್ಯಾ?”

“ಆಗಿದೆ.”

“ಆರು ಚಕ್ರ ಐತೆ. ಹೆವಿ ಲೈಸೆನ್ಸ್ ಬೇಕಾಯ್ತದೆ ನೋಡ್ಕೊಳಿ!”

ಗಿರೀಶ ಮಾತ್ರ ನಗಲಿಲ್ಲ. ಮೊಣಕಾಲೂರಿ ಕೂತು ಕೊಂಬು, ಬಾಗಿಲು, ಕಿಟಕಿ ಎಲ್ಲ ಮುಟ್ಟಿ ನೋಡಿದ. “ಭಾವ, ನಿಜ್ವಾಗ್ಲೂ ಮುಗಿಸಿದೀರಲ್ಲಾ! ನನ್ ಕೈಲಿ ಆಗಿರ್ಲಿಲ್ಲ,” ಎಂದ. ಆ ಕ್ಷಣ ಬಾಗಿಲ ಮೇಲಿನ ಕೆಂಪು ಅಕ್ಷರಗಳು ಇನ್ನಷ್ಟು ಕೆಂಪಾದಂತೆ ಕಂಡವು. ಅಲ್ಲಿಗೇ ಪೂಜೆ ಮುಗಿಸಿ ಕಡಲೆಪುರಿ ಹಂಚಿಬಿಟ್ಟಿದ್ದರೆ ನಾನು ಈ ಲೇಖನ ಬರೆಯಬೇಕಾಗಿರಲಿಲ್ಲ.

ಅತ್ತೆಯವರು ಮಂಗಳಾರತಿ ತಟ್ಟೆಯಲ್ಲಿ ಕರ್ಪೂರ ಹಚ್ಚಿದರು. ಕಂಜೂಸಿ ಮಾಡುವವರಲ್ಲ, ಬಿಲ್ಲೆ ಬಿಲ್ಲೆಯಾಗಿ ಹಾಕಿದರು. ಲೇತಿಗೆ ಬೆಳಗಿ, ಡ್ರಿಲ್ಲಿಗೆ ಬೆಳಗಿ, ಗಾಡಿಗೆ ಮೂರು ಸುತ್ತು ಬೆಳಗಿ, ತಟ್ಟೆಯನ್ನು ಅದರ ಮೂತಿಯ ಕೆಳಗೇ ಇಟ್ಟು ಕಣ್ಣು ಮುಚ್ಚಿ ಕೈ ಮುಗಿದರು. ನಾವೂ ಮುಗಿದೆವು. ಕಣ್ಣು ಬಿಟ್ಟಾಗ ಎತ್ತಿನ ಕೊಂಬುಗಳು ಒಂದರ ಕಡೆಗೊಂದು ವಾಲಿದ್ದವು. ನೋಡನೋಡುತ್ತಿದ್ದಂತೆ ಬಾನೆಟ್ ನಿಧಾನವಾಗಿ ಬಾಗತೊಡಗಿತು.

ಅತ್ತೆಯವರು ಎರಡೂ ಕೆನ್ನೆ ತಟ್ಟಿಕೊಂಡರು. “ನೋಡ್ರೋ, ತಾಯಿ ಮುಂದೆ ತಲೆ ಬಗ್ಗಿಸ್ತಾ ಇದೆ!”

ಟೀ ಅಂಗಡಿಯವರು ಚಪ್ಪಲಿ ಬಿಟ್ಟು ಇನ್ನೊಮ್ಮೆ ಕೈ ಮುಗಿದರು. ಸರೋಜ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು: “ಪ್ಲಾಸ್ಟಿಕ್ ಮುಂದೆ ಬೆಂಕಿ ಇಡೋರುಂಟಾ ರೀ?”

ನಾನು ತಟ್ಟೆಯನ್ನು ಆಚೆ ಸರಿಸಿದೆ. ಮೂತಿ ಹೋಗಿತ್ತು, ಚಕ್ರ ಆರೂ ಇದ್ದವು. ಓಡಬೇಕಾದ್ದು ಚಕ್ರ ತಾನೇ? ಎದೆಗುಂದದೆ ರಿಮೋಟ್ ತೆಗೆದುಕೊಂಡೆ.

“ಇರಿ ಅಳಿಯಂದ್ರೇ,” ಎಂದು ಅತ್ತೆಯವರು ಸೆರಗಿನ ಗಂಟು ಬಿಚ್ಚಿದರು. “ನಿಂಬೆಹಣ್ಣು ಇಡದೆ ಹೊಸ ಗಾಡಿ ತೆಗೆಯೋದುಂಟಾ?” ಪ್ರತಿ ಚಕ್ರದ ಮುಂದೆ ಒಂದೊಂದರಂತೆ ಆರು ನಿಂಬೆಹಣ್ಣು ಇಟ್ಟರು. ಒಳ್ಳೆಯ ದಪ್ಪ ಹಣ್ಣುಗಳು. ಚಕ್ರದ ಅರ್ಧದಷ್ಟು ಎತ್ತರಕ್ಕೆ ಬರುತ್ತಿದ್ದವು.

“ಭಾವ, ನಿಂಬೆಹಣ್ಣು ಬೇಡ. ಮೋಟರ್ ಎಳೆಯಲ್ಲ. ಸುಮ್ನೆ ಹಂಗೇ ಒಂದು ರೌಂಡ್ ಓಡಿಸಿ, ಸಾಕು,” ಎಂದ ಗಿರೀಶ.

ಅವನು ನನ್ನನ್ನು ಕಾಪಾಡಲು ನೋಡುತ್ತಿದ್ದ. ಇದು ನನಗೆ ಈಗ ತಿಳಿಯುತ್ತದೆ. ಆಗ ನಾನು ಹೇಳಿದ್ದು: “ಗಿರೀಶಾ, ಇದು ಗೋಡೆ ಒಡೆದ ಗಾಡಿ ಕಣೋ!”

ಗುಂಡಿ ಒತ್ತಿದೆ. ಗಾಡಿ ಮುಂದೆ ಬಂದು, ನಿಂಬೆಹಣ್ಣುಗಳಿಗೆ ಚಕ್ರ ತಾಗಿಸಿ, ಯೋಚನೆ ಮಾಡುತ್ತಾ ನಿಂತಿತು. ಪೂರ್ತಿ ಒತ್ತಿದೆ. ಒಳಗಿನಿಂದ ಕಾಫಿ ಬೀಜ ಬೀಸಿದ ಸದ್ದು ಬಂತು. ಪ್ಲಾಸ್ಟಿಕ್ ಗೇರುಗಳ ಹಲ್ಲು ಉದುರುತ್ತಿದ್ದವು. ನಾನು ಬಿಡಲಿಲ್ಲ; ಗಾಡಿಗೆ ಸಹಾಯವಾಗಲೆಂದು ಮೈಯನ್ನು ಮುಂದಕ್ಕೆ ಬಗ್ಗಿಸಿ ಇನ್ನೂ ಒತ್ತಿದೆ. ಫಟ್ ಎಂದು ಅಂಟು ಬಿಟ್ಟಿತು.

ಗಾಡಿ ನಿಂತಲ್ಲೇ ನಿಂತಿತು. ಚಕ್ರ ಹೊರಟಿತು.

ಮುಂದಿನ ಬಲಗಡೆಯ ಚಕ್ರ ಒಂದೇ ಒಂದು, ಯಾರ ಹಂಗೂ ಇಲ್ಲದೆ ನಿಂಬೆಹಣ್ಣನ್ನು ಬಳಸಿಕೊಂಡು ಬಾಗಿಲು ದಾಟಿ, ಮೋರಿಯ ಕಲ್ಲು ಹತ್ತಿ ಇಳಿದು, ರಸ್ತೆಯನ್ನು ಅಡ್ಡ ಹಾಯ್ದು ಎದುರಿನ ಹಾರ್ಡ್‌ವೇರ್ ಅಂಗಡಿಯ ಮೆಟ್ಟಿಲಿಗೆ ಒರಗಿ ನಿಂತಿತು. ಅಷ್ಟು ಸರಾಗವಾಗಿ ಆ ಗಾಡಿಯ ಯಾವ ಭಾಗವೂ ಯಾವತ್ತೂ ಓಡಿರಲಿಲ್ಲ.

ಮುನಿರಾಜು ಅದನ್ನೇ ನೋಡುತ್ತಿದ್ದು, ಆಮೇಲೆ ನನ್ನ ಕೈ ನೋಡಿದ. “ಅಣ್ಣಾ, ರಿಮೋಟು ಗಾಡಿಗಾ, ಇಲ್ಲಾ ಚಕ್ರಕ್ಕಾ?”

ಅತ್ತೆಯವರು ಬಗ್ಗಿ ನಿಂಬೆಹಣ್ಣುಗಳನ್ನು ಎಣಿಸಿದರು. “ಒಂದೂ ಒಡೀಲಿಲ್ವಲ್ಲಾ ಅಳಿಯಂದ್ರೇ.” ದೃಷ್ಟಿ ತೆಗೆದ ಹಣ್ಣನ್ನು ತಿನ್ನಬಾರದೆಂದು ಬೀದಿಗೆ ಎಸೆಯಲು ಹೊರಟವರನ್ನು ಸರೋಜ ತಡೆದಳು. “ಚಕ್ರ ಹತ್ತಿದ್ರೆ ತಾನೇ ಅಮ್ಮ ದೃಷ್ಟಿ ಹಣ್ಣಾಗೋದು? ಇವು ಬರೀ ನಿಂಬೆಹಣ್ಣು. ಕೊಡು ಇಲ್ಲಿ.”

ಗಿರೀಶ ರಸ್ತೆ ದಾಟಿ ಹೋಗಿ ಚಕ್ರ ಎತ್ತಿಕೊಂಡು ಬಂದ. ನನ್ನ ಕೈಗೆ ಕೊಡುತ್ತಾ, ಬೇರೆಯವರಿಗೆ ಕೇಳದ ಹಾಗೆ, “ಭಾವ, ಬೋರ್ಡ್ ವಿಷ್ಯ ತಮಾಷೆಗೆ ಮಾತಾಡಿದ್ದು. ಅದೆಲ್ಲಾ ಅಳಿಸೋಕೆ ಹೋಗ್ಬೇಡಿ,” ಎಂದ. ನಕ್ಕಿದ್ದರೆ ಜಗಳವಾಡಿ ಬೋರ್ಡ್ ಉಳಿಸಿಕೊಳ್ಳುತ್ತಿದ್ದೆ. ಹೀಗೆ ಮರ್ಯಾದೆ ಕೊಟ್ಟ ಮೇಲೆ ಬೇರೆ ದಾರಿ ಇರಲಿಲ್ಲ.

ವಿಜಯದಶಮಿ ಕಳೆದ ಮೇಲೆ ಪೇಂಟರ್ ಬಂದ. ಏಣಿ ಹತ್ತಿ, ‘ಎಲ್ಲಾ’ ಎಂಬುದರ ಮೇಲೆ ಬಿಳಿ ಬಣ್ಣ ಬಳಿದು, ಕೆಳಗೆ ನೋಡಿದ.

“ಸಾರ್, ಇಲ್ಲಿ ಜಾಗ ಖಾಲಿ ಬಿಟ್ರೆ ಹಲ್ಲು ಬಿದ್ದಂಗೆ ಕಾಣುತ್ತೆ. ‘ಕೆಲವು’ ಅಂತ ಬರೀಲಾ? ಸರಿಯಾಗಿ ಕೂರುತ್ತೆ.”

ಬರಿ ಎಂದೆ. ಕೆಂಪು ಬಣ್ಣದಲ್ಲೇ ಬರೆದ. ಈಗ ಬರುವ ಗಿರಾಕಿಗಳು ಬಾಗಿಲಲ್ಲಿ ನಿಂತು, “ಯಾವ್ ಕೆಲವು ಸಾರ್?” ಎಂದು ಕೇಳಿ ಒಳಗೆ ಬರುತ್ತಾರೆ. ಕಬ್ಬಿಣದ್ದು ಎನ್ನುತ್ತೇನೆ.

ಸದ್ಯಕ್ಕೆ ನನ್ನ ಬಳಿ ಇರುವುದು ಇಷ್ಟು. ಲೇತ್ ಎರಡು. ತಿದ್ದಿದ ಬೋರ್ಡ್ ಒಂದು. ಬಟ್ಟೆ ಹೊದಿಸಿಟ್ಟ ಪ್ರಿಂಟರ್ ಒಂದು. ತಲೆ ಬಗ್ಗಿಸಿದ ಗಾಡಿ ಒಂದು. ಉಕ್ಕಿನ ಅಚ್ಚು ಮೂರು. ಚಕ್ರ ದೊಡ್ಡವು ಆರು, ಪಾತ್ರೆಯ ತಳಕ್ಕೆ ಅಂಟಿಕೊಂಡದ್ದು ಒಂದು, ಒಗ್ಗರಣೆ ಡಬ್ಬಿಯಲ್ಲಿ ಎಲ್ಲೋ ಸೇರಿಹೋಗಿರುವುದು ಒಂದು. ನಿಂಬೆಕಾಯಿ ಉಪ್ಪಿನಕಾಯಿ ಅರ್ಧ ಜಾಡಿ. ರಿಮೋಟ್ ಒಂದು, ಸುಸ್ಥಿತಿಯಲ್ಲಿದೆ.